ಕುಂಟುವ ಕಾಲಿಗೆ ಎಕ್ಸ್‌ರೇ ಒಂದೇ ಸಾಲದು

ಕುಂಟುವ ಪ್ರಾಣಿಯನ್ನು ಕರೆತಂದವರ ಮೊದಲ ಪ್ರಶ್ನೆ, "ಮೂಳೆ ಮುರಿದಿದೆಯಾ ಡಾಕ್ಟ್ರೇ?" ಎಕ್ಸ್‌ರೇ ನೋಡಿ ಇಲ್ಲ ಅಂದ ಕೂಡಲೇ ಅವರಿಗೆ ನಿರಾಳ. ನನಗೆ ಅಷ್ಟು ಬೇಗ ನಿರಾಳವಾಗುವುದಿಲ್ಲ. ಮುರಿದ ಮೂಳೆ ಸರಿಯಾಗಿ ಕೂಡಿದರೆ ಮತ್ತೆ ಮೂಳೆಯೇ ಆಗುತ್ತದೆ. ಹರಿದ ಟೆಂಡನ್ (ಮಾಂಸಖಂಡವನ್ನು ಮೂಳೆಗೆ ಸೇರಿಸುವ ಗಟ್ಟಿ ಹುರಿ) ಹಾಗಲ್ಲ. ಎಕ್ಸ್‌ರೇಯಲ್ಲಿ ಅದು ಸರಿಯಾಗಿ ಕಾಣುವುದೂ ಇಲ್ಲ.

ಮಾಂಸಖಂಡಕ್ಕೆ ಎಳೆಯುವುದಷ್ಟೇ ಗೊತ್ತು, ತಳ್ಳಲು ಬರುವುದಿಲ್ಲ. ಅದಕ್ಕೇ ಕೀಲನ್ನು ಮಡಚಲು ಒಂದು ಗುಂಪು, ಚಾಚಲು ಇನ್ನೊಂದು. ಆ ಎಳೆತವನ್ನು ಮೂಳೆಗೆ ಮುಟ್ಟಿಸುವುದು ಟೆಂಡನ್. ಮೂಳೆಗೆ ಮೂಳೆಯನ್ನು ಬಿಗಿದು ಹಿಡಿಯುವುದು ಲಿಗಮೆಂಟ್.

ಕುದುರೆಯ ಮುಂಗಾಲು ನೋಡಿ. ಮಂಡಿಯಿಂದ ಕೆಳಗೆ ಮಾಂಸಖಂಡ ಇಲ್ಲವೆಂದೇ ಹೇಳಬಹುದು. ಇರುವುದು ಮೂಳೆ, ಉದ್ದನೆಯ ಟೆಂಡನ್‌ಗಳು, ಲಿಗಮೆಂಟ್‌ಗಳು. (ನಾವು ಮಂಡಿ ಅನ್ನುವ ಆ ಗಂಟು ನಮ್ಮ ಮಣಿಕಟ್ಟಿಗೆ ಸಮ. ಕುದುರೆ ಪ್ರತಿ ಕಾಲಿನಲ್ಲೂ ಒಂದೇ ಬೆರಳಿನ ಮೇಲೆ ನಿಂತಿರುತ್ತದೆ!) ಭಾರವೆಲ್ಲ ಮೇಲಿದ್ದು ತುದಿ ಹಗುರವಾಗಿರುವುದರಿಂದ ಕಾಲು ಬೀಸಲು ಕಡಿಮೆ ಶಕ್ತಿ ಸಾಕು. ಗೊರಸು ನೆಲಕ್ಕೆ ಊರಿದಾಗ ಟೆಂಡನ್ ಸ್ಪ್ರಿಂಗ್‌ನಂತೆ ಹಿಗ್ಗುತ್ತದೆ, ಕಾಲು ಎತ್ತುವಾಗ ಆ ಶಕ್ತಿಯನ್ನು ವಾಪಸ್ ಕೊಡುತ್ತದೆ. ಕಾಂಗರೂ ಕುಪ್ಪಳಿಸುವುದರಲ್ಲೂ ಇದೇ ಉಳಿತಾಯ.

ಕುದುರೆ ನಿಂತೇ ತೂಕಡಿಸುವುದೂ ಈ ಟೆಂಡನ್, ಲಿಗಮೆಂಟ್‌ಗಳ ಬಲದಿಂದಲೇ. ಹಿಂಗಾಲಿನ ಮಂಡಿಚಿಪ್ಪನ್ನು ತೊಡೆಮೂಳೆಯ ತುದಿಯ ಉಬ್ಬಿಗೆ ಸಿಕ್ಕಿಸಿಕೊಂಡರೆ ಕೀಲು ಮಡಚುವುದಿಲ್ಲ, ಮಾಂಸಖಂಡಕ್ಕೆ ಹೆಚ್ಚು ದಣಿವಿಲ್ಲ. ಕನಸು ಬೀಳುವಂಥ ನಿದ್ರೆಗೆ ಮಾತ್ರ ಕುದುರೆ ಮಲಗಲೇಬೇಕು.

ಇಷ್ಟು ದುಡಿಯುವ ಟೆಂಡನ್‌ಗೆ ರಕ್ತ ಹರಿಯುವುದು ಕಡಿಮೆ. ಹಾಗಾಗಿ ಗಾಯ ಮಾಯಲು ತಿಂಗಳುಗಟ್ಟಲೆ ಬೇಕು. ಮೊದಲು ಸಾಲಾಗಿ, ಒಂದೇ ದಿಕ್ಕಿಗಿದ್ದ ಕೊಲಾಜೆನ್ (ಟೆಂಡನ್ ಕಟ್ಟಿರುವ ಪ್ರೋಟೀನ್) ಎಳೆಗಳು ಈಗ ಅಡ್ಡಾದಿಡ್ಡಿ ಬೆಳೆಯುತ್ತವೆ, ಹಿಗ್ಗುವ ಗುಣ ಮೊದಲಿನಷ್ಟು ಬರುವುದಿಲ್ಲ. ತೊಂದರೆ ಏನೆಂದರೆ, ಬಾವು ಮತ್ತು ಕುಂಟು ಗಾಯ ಮಾಯುವುದಕ್ಕಿಂತ ಬಹಳ ಮೊದಲೇ ಹೋಗಿಬಿಡುತ್ತವೆ. ಪ್ರಾಣಿ ಚೆನ್ನಾಗೇ ನಡೀತಿದೆ ಅಲ್ವಾ ಎಂದು ಓಡಿಸುತ್ತಾರೆ. ಅದೇ ಜಾಗ ಮತ್ತೆ ಹರಿಯುತ್ತದೆ.

ಹಾಗಂತ ತಿಂಗಳುಗಟ್ಟಲೆ ಸುಮ್ನೆ ಕಟ್ಟಿಹಾಕುವುದೂ ಸರಿಯಲ್ಲ. ಹೊಸ ಎಳೆಗಳು ಒಂದು ದಿಕ್ಕಿಗೆ ಸಾಲಾಗಬೇಕಾದರೆ ಹದವಾದ ಎಳೆತ ಬೇಕು. ಶುರುವಿನಲ್ಲಿ ವಿಶ್ರಾಂತಿ, ಆಮೇಲೆ ಗಟ್ಟಿ ನೆಲದ ಮೇಲೆ ನಿಧಾನ ನಡಿಗೆ, ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡುತ್ತಾ. ಓಡಿಸುವ ಮುಂಚೆ ಅಲ್ಟ್ರಾಸೌಂಡ್‌ನಲ್ಲಿ ಎಳೆಗಳು ಹೇಗೆ ಕೂಡಿವೆ ಎಂದು ನೋಡಿಸಿಕೊಳ್ಳಿ.