ಮನೆ ಹಿಂದಿನ ಬರೆ ಕುಸಿಯುವುದು ಮೊದಲೇ ಗೊತ್ತಾಗುತ್ತದಾ?

ಪ್ರಶ್ನೆ: ಮಡಿಕೇರಿ ಹತ್ತಿರ ಗುಡ್ಡ ಕಡಿದು ಮಾಡಿದ ಸೈಟಿನಲ್ಲಿ ನಮ್ಮ ಮನೆ. ಹಿಂದೆ ಸುಮಾರು ಇಪ್ಪತ್ತು ಅಡಿ ಎತ್ತರದ ಬರೆ, ಅಂದರೆ ಗುಡ್ಡ ಕಡಿದಾಗ ಉಳಿದ ನೆಟ್ಟನೆಯ ಮಣ್ಣಿನ ಗೋಡೆ, ಇದೆ. ಮನೆ ಕಟ್ಟಿ ಐದು ವರ್ಷ ಆಯಿತು, ಏನೂ ಆಗಿಲ್ಲ. ಆದರೂ ಆಗಸ್ಟ್ ಬಂತೆಂದರೆ ನಿದ್ದೆ ಬರುವುದಿಲ್ಲ. ಕುಸಿಯುತ್ತದೋ ಇಲ್ಲವೋ ನೋಡಿ ಹೇಳಬಹುದಾ?

ಉತ್ತರ: ಇಂಥ ದಿನ, ಇಷ್ಟು ಹೊತ್ತಿಗೆ ಎಂದು ಯಾರೂ ಹೇಳಲಾರರು. ಆದರೆ ಯಾವ ರಾತ್ರಿ ಆ ಮನೆಯಲ್ಲಿ ಮಲಗಬಾರದು ಎಂದು ತೀರ್ಮಾನಿಸುವಷ್ಟು ಸುಳಿವು ಹೆಚ್ಚಿನ ಸಲ ಸಿಗುತ್ತದೆ. ‘ಐದು ವರ್ಷ ಏನೂ ಆಗಿಲ್ಲ’ ಎಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ಕಡಿದ ಬರೆ ಮಳೆ ಬಿಸಿಲಿಗೆ ವರ್ಷವರ್ಷವೂ ಸಡಿಲವಾಗುತ್ತದೆ.

ಆಗಸ್ಟಿನ ಭಯಕ್ಕೆ ಅರ್ಥವಿದೆ. 2018ರಲ್ಲಿ ಕೊಡಗಿನ ಮಕ್ಕಂದೂರು, ಕಾಲೂರು, ಮೊಣ್ಣಂಗೇರಿ, ಜೋಡುಪಾಲದ ಗುಡ್ಡಗಳು ಜಾರಿದ್ದು ಆಗಸ್ಟಿನಲ್ಲಿ. 2019ರಲ್ಲಿ ತೋರ ಗ್ರಾಮ, 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ, ಅವೂ ಆಗಸ್ಟಿನಲ್ಲೇ. ಜೂನ್, ಜುಲೈ ತಿಂಗಳ ಮಳೆ ಕುಡಿದು ಮಣ್ಣು ಅಷ್ಟು ಹೊತ್ತಿಗೆ ತುಂಬಿರುತ್ತದೆ. ಜೂನ್ ಮೊದಲ ವಾರ ಇಂಗಿ ಹೋಗುವ ಎಂಟು ಇಂಚು ಮಳೆಗೆ ಆಗಸ್ಟಿನಲ್ಲಿ ಜಾಗವೇ ಇಲ್ಲ. ಹವಾಮಾನ ಇಲಾಖೆ 24 ಗಂಟೆಯಲ್ಲಿ 204.4 ಮಿಲಿಮೀಟರ್, ಅಂದರೆ ಸುಮಾರು ಎಂಟು ಇಂಚು, ದಾಟಿದರೆ ಅತ್ಯಂತ ಭಾರಿ ಮಳೆ ಎನ್ನುತ್ತದೆ. ನಾನಾದರೆ ಇವತ್ತಿನ ಅಂಕಿಗಿಂತ ಹಿಂದಿನ ಒಂದು ವಾರದ್ದನ್ನು ಕೂಡಿಸಿ ನೋಡುತ್ತೇನೆ. ಪಕ್ಕದ ಕಾಫಿ ತೋಟದಲ್ಲಿ ಮಳೆ ಅಳೆದು ಬರೆದಿಟ್ಟಿರುತ್ತಾರೆ, ಕೇಳಿ.

ಕಾಲಿನ ಮೇಲೆ ಒದ್ದೆ ಮರಳು ಒತ್ತಿ ಮಕ್ಕಳು ಗುಬ್ಬಿಗೂಡು ಕಟ್ಟುತ್ತಾರಲ್ಲ, ಬರೆ ನಿಂತಿರುವುದೂ ಹಾಗೆಯೇ. ಸ್ವಲ್ಪ ತೇವ ಮಣ್ಣಿನ ಕಣಗಳನ್ನು ಹಿಡಿದಿಡುತ್ತದೆ. ಸಂದುಗಳೆಲ್ಲ ನೀರು ತುಂಬಿದರೆ ಆ ಹಿಡಿತ ಹೋಗಿ, ನೀರಿನ ಒತ್ತಡವೇ ಕಣಗಳನ್ನು ಬೇರೆ ಮಾಡುತ್ತದೆ.

ಹಿಮಾಲಯದಂಥ ಕಡೆ ಸ್ಕೀ ಮಾಡುವವರು ಹಿಮದಲ್ಲಿ ಗುಂಡಿ ತೋಡಿ ಜಾರಿ ಬೀಳಬಹುದಾದ ದುರ್ಬಲ ಪದರ ಯಾವುದೆಂದು ಪರೀಕ್ಷಿಸುತ್ತಾರೆ. ನಿಮಗೆ ಆ ಕೆಲಸವಿಲ್ಲ, ಜೆಸಿಬಿ ಆಗಲೇ ಗುಡ್ಡ ಸೀಳಿ ಪದರಗಳನ್ನು ತೋರಿಸಿಟ್ಟಿದೆ. ಬೇಸಿಗೆಯಲ್ಲೇ ನೋಡಿಕೊಳ್ಳಿ. ಕೆಂಪು ಮಣ್ಣಿನ ಕೆಳಗೆ ಬಿಳಿಯೋ ಹಳದಿಯೋ ಆದ ನುಣುಪು ಜೇಡಿ ಇದ್ದರೆ, ಮಳೆಗಾಲದಲ್ಲಿ ಅವೆರಡೂ ಸೇರುವ ಗೆರೆಯಲ್ಲಿ ನೀರು ಜಿನುಗಿದರೆ, ಜಾರುವ ಜಾಗ ಅದೇ ಇರಬಹುದು. ಒರತೆ ಏಳುವುದು ನಮ್ಮಲ್ಲಿ ಹೊಸದಲ್ಲ. ಆದರೆ ಹಿಂದೆಂದೂ ಇಲ್ಲದ ಕಡೆ ಎದ್ದರೆ, ಅಥವಾ ತಿಳಿಯಾಗಿದ್ದದ್ದು ಕೆಸರಾದರೆ ಅಂದೇ ಮನೆ ಬಿಡಿ. ಸುರಿಮಳೆಯಲ್ಲೂ ತೋಡಿನ (ಸಣ್ಣ ಹಳ್ಳದ) ನೀರು ಇದ್ದಕ್ಕಿದ್ದಂತೆ ಕಡಿಮೆಯಾದರೆ ಮೇಲೆಲ್ಲೋ ಮಣ್ಣು ಬಿದ್ದು ಅಡ್ಡ ಕಟ್ಟಿದೆ ಎಂದು ತಿಳಿಯಿರಿ. ಆಗ ಸಾಮಾನು ಕಟ್ಟಲೂ ನಿಲ್ಲಬಾರದು.

ಬರೆಯ ನೆತ್ತಿಯನ್ನು ಹೆಚ್ಚಿನವರು ನೋಡುವುದೇ ಇಲ್ಲ. ಅಲ್ಲಿ ಬಿಲ್ಲಿನಂತೆ ಬಾಗಿದ ಬಿರುಕು ಕಂಡರೆ ಎರಡೂ ಬದಿಗೆ ಗೂಟ ಹೊಡೆದು, ಮಳೆ ಬಿಟ್ಟಾಗ ಟೇಪಿನಲ್ಲಿ ಅಂತರ ಅಳೆಯಿರಿ. ಅಂತರ ಹೆಚ್ಚುತ್ತಿದ್ದರೆ ಗುಡ್ಡ ಹೊರಟಿದೆ ಎಂದೇ ಲೆಕ್ಕ. ಸಿಲ್ವರ್ ಓಕ್ ನೇರವಾಗಿ ಬೆಳೆಯುವ ಮರವಾದ್ದರಿಂದ ಹೊಸದಾಗಿ ವಾಲಿದರೆ ಬೇಗ ಕಣ್ಣಿಗೆ ಬೀಳುತ್ತದೆ. ಬಾಗಿಲು ಬಿಗಿಯಾಗುವುದನ್ನು ಹಲವರು ಲಕ್ಷಣವಾಗಿ ಹೇಳುತ್ತಾರೆ. ನಮ್ಮ ಮಳೆಗಾಲದಲ್ಲಿ ಯಾವ ಮನೆಯ ಬಾಗಿಲು ಬಿಗಿಯಾಗುವುದಿಲ್ಲ ಹೇಳಿ! ಅದಕ್ಕಿಂತ ಗೋಡೆಯ ಓರೆ ಬಿರುಕು, ನೆಲದ ಬಿರುಕು ನಂಬಬಹುದು.

ಮಾಡಬೇಕಾದ್ದು ಮುಖ್ಯವಾಗಿ ನೀರಿನ ಕೆಲಸ. ನೆತ್ತಿಯ ಹಿಂದೆ ಚರಂಡಿ ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಿ. ಬರೆಯ ಮೇಲ್ಭಾಗದಲ್ಲಿ ಇಂಗುಗುಂಡಿಯಾಗಲಿ ಶೌಚದ ಗುಂಡಿಯಾಗಲಿ ಬೇಡ. ಟಾರ್ಪಾಲ್ ಹೊದಿಸುವುದಾದರೆ ಬಿರುಕು ಮುಚ್ಚುವಷ್ಟು ಮೇಲಿನಿಂದ ಹೊದಿಸಿ, ಬರೆಯ ಮುಖಕ್ಕಷ್ಟೇ ಹೊದಿಸಿದರೆ ಪ್ರಯೋಜನವಿಲ್ಲ. ತಡೆಗೋಡೆಗೆ ನೀರು ಹೊರಬರುವ ತೂತುಗಳಿಲ್ಲದಿದ್ದರೆ ಅದು ಹಿಂದೆ ನೀರು ಕಟ್ಟಿ ತಾನೇ ಮಗುಚುತ್ತದೆ. ಪಾರ್ಕಿಂಗಿಗೆ ಜಾಗ ಸಾಲದೆಂದು ಬುಡವನ್ನು ಇನ್ನಷ್ಟು ಕೆರೆಯಬೇಡಿ.

ಅನುಮಾನ ಬಂದರೆ ಜಿಲ್ಲಾಡಳಿತದ ವಿಪತ್ತು ಸಹಾಯವಾಣಿ 1077ಕ್ಕೆ ಫೋನ್ ಮಾಡಿ, ಕತ್ತಲಾಗುವ ಮೊದಲೇ ನೆಂಟರ ಮನೆಗೋ ಸರ್ಕಾರ ತೆರೆಯುವ ಕಾಳಜಿ ಕೇಂದ್ರಕ್ಕೋ (ಪರಿಹಾರ ಶಿಬಿರ) ಹೋಗಿ. ಮಳೆ ಬಿಟ್ಟ ದಿನವೇ ವಾಪಸ್ ಬರಬೇಡಿ, ಮೇಲಿನ ನೀರು ಒಳಗೆ ಇಳಿಯುತ್ತಲೇ ಇರುತ್ತದೆ. ಒರತೆ ತಿಳಿಯಾಗಿ, ಗೂಟಗಳ ಅಂತರ ಕೆಲವು ದಿನ ಹಾಗೇ ನಿಂತ ಮೇಲೆ ನೋಡೋಣ.