ರಿಪೇರಿ ‘ಗಿಟ್ಟುವುದು’ ಅಂದರೇನು?

‘ಗಿಟ್ಟು’ ಅಂದರೆ ಸಿಗು, ದಕ್ಕು. ಕೆಲಸ ಗಿಟ್ಟಿಸಿಕೊಂಡ ಅನ್ನುವಾಗ ಇದೇ ಅರ್ಥ. ‘ಈ ರೇಟಿಗೆ ಗಿಟ್ಟಲ್ಲ’ ಅನ್ನುವಾಗ ಅರ್ಥ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ: ಹಾಕಿದ್ದಕ್ಕೆ ತಕ್ಕಷ್ಟು ವಾಪಸ್ ಬರಲ್ಲ. ಹಳೆ ಕಂಪ್ಯೂಟರಿನ ರಿಪೇರಿ ಗಿಟ್ಟುತ್ತಾ ಅಂತ ಕೇಳುವಾಗ ನಮ್ಮ ಮನಸ್ಸಿನಲ್ಲಿರುವುದು ಈ ಎರಡನೇ ಅರ್ಥ.

ಇದನ್ನು ‘ರಿಪೇರಿ ಆಗುತ್ತಾ?’ ಅನ್ನುವುದರ ಜೊತೆ ಕಲಸಬಾರದು. ಕೆಟ್ಟಿದ್ದರಲ್ಲಿ ಬಹಳಷ್ಟು ರಿಪೇರಿ ಆಗುತ್ತದೆ. ಆದಮೇಲೆ ಎಷ್ಟು ದಿನ ಬರುತ್ತದೆ, ಯಾವ ಕೆಲಸಕ್ಕೆ ಬರುತ್ತದೆ ಅನ್ನುವುದರ ಮೇಲೆ ಗಿಟ್ಟುವುದು ನಿಂತಿದೆ. ಅದಕ್ಕೇ ನಾನು ಖರ್ಚು ಎಷ್ಟು ಅಂತ ಕೇಳುವ ಮೊದಲು ಇನ್ನೊಂದನ್ನು ಕೇಳಿಕೊಳ್ಳುತ್ತೇನೆ. ಇದಕ್ಕೆ ಬಂದಿರುವುದು ಕಾಯಿಲೆಯೋ, ವಯಸ್ಸೋ?

ಕಾಯಿಲೆ ಎಷ್ಟೋ ಸಲ ಚಿಕ್ಕದು. ಆನ್ ಮಾಡಿದಾಗಲೆಲ್ಲ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ, ಬ್ರೌಸರ್ ಒಂದು ಪುಟವನ್ನೂ ಸರಿಯಾಗಿ ತೆರೆಯಲ್ಲ. ಯಂತ್ರವೇ ಹೋಯಿತು ಅನ್ನಿಸುತ್ತದೆ. ಹೆಚ್ಚಾಗಿ ಅಲ್ಲಿ ಸತ್ತಿರುವುದು ಮದರ್‌ಬೋರ್ಡಿನ ಮೇಲಿರುವ ನಾಣ್ಯದ ಗಾತ್ರದ 3 ವೋಲ್ಟಿನ ಸೆಲ್. ಆಫ್ ಆಗಿದ್ದಾಗ ಒಳಗಿನ ಗಡಿಯಾರ ನಡೆಸುವುದು ಅದೇ. ಇನ್ನೊಂದು, ಬಿಸಿಯಾಗಿ ತಾನೇ ಆಫ್ ಆಗುವುದು. ನನ್ನ ಹಳೆ ಲ್ಯಾಪ್‌ಟಾಪ್ ಹತ್ತೇ ನಿಮಿಷಕ್ಕೆ ನಿಂತುಬಿಡುತ್ತಿತ್ತು. ತಳ ಬಿಚ್ಚಿ ನೋಡಿದರೆ ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಧೂಳು ಹತ್ತಿಯ ಪಟ್ಟಿಯ ಹಾಗೆ ಕೂತಿತ್ತು. ಇಕ್ಕಳದಲ್ಲಿ ಹಿಡಿದು ಎಳೆದೆ, ಇಡಿಯಾಗಿ ಬಂತು! ಪ್ರೊಸೆಸರ್ ಮೇಲೆ ಒಣಗಿದ್ದ, ಬಿಸಿ ದಾಟಿಸುವ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ. ಆಮೇಲೆ ಆ ತೊಂದರೆ ಬರಲೇ ಇಲ್ಲ. ಇಂಥ ರಿಪೇರಿ ಕಣ್ಣು ಮುಚ್ಚಿಕೊಂಡು ಗಿಟ್ಟುತ್ತದೆ.

ವಯಸ್ಸಿನ ಮಾತು ಬೇರೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ (ಭದ್ರತೆಯ ಅಪ್‌ಡೇಟ್ ಕೊಡುವುದು) 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಬೇಕು, ಕಂಪನಿಯ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಇಂಟೆಲ್ ಆದರೆ ಆ ಪಟ್ಟಿ ಹೆಚ್ಚುಕಡಿಮೆ ಎಂಟನೇ ಪೀಳಿಗೆಯಿಂದ ಶುರು. ಅಂದರೆ ಅದಕ್ಕೂ ಮುಂಚಿನ, 2015ರ ಯಂತ್ರ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಹೊರಗೇ ಉಳಿಯುತ್ತದೆ. ಯಾವ ಬಿಡಿಭಾಗ ಬದಲಿಸಿದರೂ ಈ ವಯಸ್ಸು ಇಳಿಯಲ್ಲ. ಆದರೆ ಬರೆಯುವುದು, ಓದುವುದು, ಇಂಟರ್‌ನೆಟ್ ನೋಡುವುದು ಇಷ್ಟೇ ಕೆಲಸ ಇದ್ದರೆ ವಿಂಡೋಸ್ ಬದಲು ಲಿನಕ್ಸ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ ಇನ್ನೂ ಕೆಲವು ವರ್ಷ ಆರಾಮಾಗಿ ಬಳಸಬಹುದು. ಒಬ್ಬರಿಗೆ ಗಿಟ್ಟದ್ದು ಇನ್ನೊಬ್ಬರಿಗೆ ಗಿಟ್ಟುವುದು ಹೀಗೆ.

ನಡುವೆ ಒಂದು ವಿಷಯ ಇದೆ, ಅದು ನಿಧಾನ. ಇದನ್ನೂ ವಯಸ್ಸಿನ ಲೆಕ್ಕಕ್ಕೇ ಸೇರಿಸಿ ಎಷ್ಟೋ ಒಳ್ಳೆ ಯಂತ್ರಗಳನ್ನು ಮೂಲೆಗೆ ಹಾಕುತ್ತಾರೆ. ನೋಡಿದರೆ ಬೇಜಾರಾಗುತ್ತದೆ. ಒಳಗೆ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ತಪ್ಪು ಅದರದೇ ಇರಬಹುದು. ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೇ 11 ಮಿಲಿಸೆಕೆಂಡ್ ಬೇಕು. ಓದುವ ಮುಳ್ಳು ಒಂದು ಚೂರಿಂದ ಇನ್ನೊಂದು ಚೂರಿಗೆ ಓಡಬೇಕು, ಆ ಜಾಗ ತಿರುಗಿ ಬರುವ ತನಕ ಕಾಯಬೇಕು. ಅದರ ಬದಲು ಹಾಕುವ, ಚಿಪ್‌ಗಳಲ್ಲೇ ಎಲ್ಲ ಉಳಿಸಿಡುವ ಎಸ್‌ಎಸ್‌ಡಿಯಲ್ಲಿ ತಿರುಗುವುದು, ಓಡುವುದು ಯಾವುದೂ ಇಲ್ಲ. ಅದನ್ನು ಹಾಕಿದರೆ, ಆನ್ ಮಾಡಿ ಎದ್ದು ಹೋಗಿ ಬರುತ್ತಿದ್ದವರು ಕೂತಲ್ಲೇ ಕೂರುತ್ತಾರೆ. ಮುಂದೆ ಯಂತ್ರ ಹೋದರೂ ಎಸ್‌ಎಸ್‌ಡಿ ಬಿಚ್ಚಿಕೊಂಡು ಬೇರೆ ಕಡೆ ಬಳಸಬಹುದು, ಆ ದುಡ್ಡು ಮುಳುಗಲ್ಲ. ರ‍್ಯಾಮ್ (ಕೆಲಸ ನಡೆಯುವಾಗ ಬಳಕೆಯಾಗುವ ಮೆಮೊರಿ) ವಿಷಯ ಹಾಗಲ್ಲ. ಹಳೆ ಪೀಳಿಗೆಯ ಡಿಡಿಆರ್3 ಪಟ್ಟಿಯ ಕಚ್ಚೇ ಬೇರೆ ಜಾಗದಲ್ಲಿರುತ್ತದೆ, ಅದರ ನಂತರದ ಡಿಡಿಆರ್4 ಸ್ಲಾಟಿನಲ್ಲಿ ಕೂರಲ್ಲ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಂತೂ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ.

ಹಳೆ ಲ್ಯಾಪ್‌ಟಾಪಿನ ಮದರ್‌ಬೋರ್ಡೇ ಸುಟ್ಟಿದ್ದರೆ ಬಿಟ್ಟುಬಿಡಿ ಅಂತಲೇ ನಾನು ಹೇಳುವುದು. ಸಿಗುವ ಬದಲಿ ಬೋರ್ಡು ಸಾಮಾನ್ಯವಾಗಿ ಅಷ್ಟೇ ಹಳೆಯದು. ‘ಹೋದ ವರ್ಷ ತಾನೇ ಬ್ಯಾಟರಿ ಹಾಕಿಸಿದ್ದೆ’ ಅನ್ನುವ ಸಂಕಟ ಅರ್ಥವಾಗುತ್ತದೆ, ನನಗೂ ಆಗಿದೆ. ಆದರೆ ಗಿಟ್ಟುವ ಲೆಕ್ಕಕ್ಕೆ ಬರುವುದು ಇವತ್ತಿಂದ ಹಾಕುವ ದುಡ್ಡು ಮಾತ್ರ.

ಒಂದನ್ನು ಮಾತ್ರ ಈ ಲೆಕ್ಕದಿಂದ ಹೊರಗಿಡಿ: ಒಳಗಿರುವ ಫೋಟೋ, ಕಾಗದಪತ್ರ. ಕಂಪ್ಯೂಟರ್ ಸತ್ತರೆ ಅವೂ ಸತ್ತವು ಅಂತಲ್ಲ. ಡಿಸ್ಕ್ ಬಿಚ್ಚಲು ಬರುವಂಥದ್ದಾದರೆ ಯುಎಸ್‌ಬಿ ಅಡಾಪ್ಟರಿಗೆ ಸಿಕ್ಕಿಸಿ ಬೇರೆ ಕಂಪ್ಯೂಟರಿನಲ್ಲಿ ಓದಬಹುದು. ಲಾಕ್ ಆಗಿದ್ದರೆ ಅದರ ಕೀ ಬೇಕಾಗುತ್ತದೆ. ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಮಾತ್ರ ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಮುಳ್ಳು ತಟ್ಟೆಗೆ ತಾಗುತ್ತಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ಇನ್ನಷ್ಟು ಗೀಚುತ್ತದೆ. ಅಲ್ಲೇ ಆಫ್ ಮಾಡಿ, ಡೇಟಾ ತೆಗೆಯುವುದು ಗೊತ್ತಿರುವವರ ಕೈಗೆ ಕೊಡಿ.