ಮುಂದಿನ ಬ್ರೇಕು ಸಡಿಲ ಮಾಡಿಸಬೇಡಿ

ಜೂನ್‌ನಲ್ಲಿ ಶಾಲೆ ಶುರುವಾಗುತ್ತಿದ್ದಂತೆ ಕುಮಟಾದ ನನ್ನ ರಿಪೇರಿ ಅಂಗಡಿ ಮಕ್ಕಳ ಸೈಕಲ್ಲುಗಳಿಂದ ತುಂಬುತ್ತದೆ. ಜೊತೆಗೆ ಅಪ್ಪಂದಿರ ಅದೇ ಮಾತು: "ಮುಂದಿನ ಬ್ರೇಕು ಸಡಿಲ ಮಾಡಿಬಿಡಿ ಮಾರಾಯ್ರೆ, ಹಿಡಿದ್ರೆ ಹುಡುಗ ಮಗುಚಿ ಬೀಳ್ತಾನೆ." ನಾನು ಒಪ್ಪುವುದಿಲ್ಲ.

ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಚಕ್ರವನ್ನು ಎಷ್ಟು ಬಿಗಿದರೂ ಅದು ಜಾರುತ್ತದೆ, ಸೈಕಲ್ ನಿಲ್ಲುವುದಿಲ್ಲ. ಒಣ ಡಾಂಬರು ರಸ್ತೆಯಲ್ಲಿ ಹಿಂದಿನ ಬ್ರೇಕೊಂದನ್ನೇ ನಂಬಿದರೆ ನಿಲ್ಲಲು ಹೆಚ್ಚುಕಡಿಮೆ ಎರಡು ಪಟ್ಟು ದೂರ ಬೇಕು. ಎದುರಿಗೆ ಬಸ್ಸು ಬಂದಾಗ ಆ ದೂರ ಎಲ್ಲಿಂದ ತರುವುದು?

ಮಕ್ಕಳು ಮಗುಚುವುದು ಗಾಬರಿಯಲ್ಲಿ ಒಮ್ಮೆಲೇ ಹಿಡಿಯುವುದರಿಂದ. ತೋಳು ಸಡಿಲ ಬಿಟ್ಟಿರುತ್ತಾರೆ, ಮೈ ಮುಂದಕ್ಕೆ ಎಸೆದಂತಾಗುತ್ತದೆ. ಅಂಗಡಿ ಎದುರಿನ ಮಣ್ಣಿನ ಜಾಗದಲ್ಲಿ ನಾನೇ ಕಲಿಸುತ್ತೇನೆ: ಸೀಟಿನ ಮೇಲೆ ಹಿಂದಕ್ಕೆ ಸರಿ, ತೋಳು ಗಟ್ಟಿ ಮಾಡು, ಎರಡೂ ಬ್ರೇಕು ಮೆಲ್ಲಗೆ ಶುರುಮಾಡಿ ಒತ್ತುತ್ತ ಹೋಗು. ಹಿಂದಿನ ಚಕ್ರ ಜಾರತೊಡಗಿದರೆ ಮುಂದಿನದನ್ನು ಸ್ವಲ್ಪ ಬಿಡು. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಬ್ರೇಕು. ಆದರೂ ಹೊಸ ಸೈಕಲ್ ಹತ್ತುವ ಮೊದಲು ಒತ್ತಿ ನೋಡಿ.

ಪಾಚಿ ಕಟ್ಟಿದ ರಸ್ತೆ, ಮರಳು, ಸಡಿಲ ಜಲ್ಲಿ ಬಂದರೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಮುಂದಿನ ಚಕ್ರ ಜಾರಿದರೆ ಬಿದ್ದಂತೆಯೇ. ಹಿಂದಿನದನ್ನೇ ಹೆಚ್ಚು ಬಳಸಿ, ವೇಗವನ್ನು ಮೊದಲೇ ಇಳಿಸಿ.

ನಮ್ಮ ಮಳೆಗಾಲ ಇನ್ನೊಂದು ಪರೀಕ್ಷೆ. ರಿಮ್ ಒದ್ದೆಯಾಗಿದ್ದರೆ ಚಕ್ರದ ಮೊದಲ ಒಂದೆರಡು ಸುತ್ತು ಬ್ರೇಕಿನ ರಬ್ಬರು ನೀರು ಒರೆಸುವುದರಲ್ಲೇ ಕಳೆಯುತ್ತದೆ. ಹಳೆಯ ಉಕ್ಕಿನ ರಿಮ್ ಆದರಂತೂ ಬ್ರೇಕು ಇಲ್ಲವೇ ಇಲ್ಲ ಅನ್ನಿಸುತ್ತದೆ. ತಿರುವು ಬರುವ ಮುಂಚೆಯೇ ಹಗುರವಾಗಿ ತಾಗಿಸಿ ರಿಮ್ ಒಣಗಿಸಿಕೊಳ್ಳಿ, ತಿರುವಿನೊಳಗೆ ಹೋದ ಮೇಲೆ ಹಿಡಿಯಬೇಡಿ.

ಬೇಸಿಗೆಯಲ್ಲಿ ಶಿರಸಿಯಿಂದ ದೇವಿಮನೆ ಘಟ್ಟ ಇಳಿಯುವವರು ಬ್ರೇಕನ್ನು ಒಂದೇ ಸಮನೆ ಎಳೆದುಕೊಂಡೇ ಬರುತ್ತಾರೆ. ರಿಮ್ ಕಾದು ಟ್ಯೂಬು ಒಡೆಯಬಹುದು. ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಬಿಟ್ಟು ಗಾಳಿ ತಾಗಲು ಬಿಡಿ. ಮತ್ತೆ ಹಿಡಿಯಿರಿ. ಡಿಸ್ಕ್ ಬ್ರೇಕಿನವರು ಇಳಿದ ಕೂಡಲೇ ಡಿಸ್ಕ್ ಮುಟ್ಟಬೇಡಿ, ಕೈ ಸುಡುತ್ತದೆ. ಚೈನಿಗೆ ಎಣ್ಣೆ ಬಿಡುವಾಗಲೂ ಅದರ ಮೇಲೆ ಒಂದು ಹನಿ ಬೀಳದಂತೆ ನೋಡಿ.

ಕಡಲ ಬದಿಯವರು ಕೇಬಲ್ ಮರೆಯಬಾರದು. ಉಪ್ಪುಗಾಳಿಗೆ ಒಳಗಿನ ತಂತಿ ತುಕ್ಕು ಹಿಡಿದು, ಒತ್ತಿದ ಲಿವರ್ ತಿರುಗಿ ಬರುವುದೇ ಇಲ್ಲ. ಅಂಥದನ್ನು ಎಣ್ಣೆ ಬಿಟ್ಟು ತಳ್ಳಬೇಡಿ, ಮೇ ಮುಗಿಯುವುದರೊಳಗೆ ಬದಲಾಯಿಸಿ. ಬ್ರೇಕ್ ರಬ್ಬರಿನಲ್ಲಿ ಸಿಕ್ಕ ಮರಳನ್ನು ಸೂಜಿಯಿಂದ ಕೆದಕಿ ತೆಗೆಯಿರಿ, ರಬ್ಬರಿನ ಗೀರುಗಳು ಸವೆದಿದ್ದರೆ ಜೋಡಿಯಾಗಿಯೇ ಹೊಸದು ಹಾಕಿಸಿ.